ಬಿಳಿ ಹೂವಿನ ಕೊಡೆಗಳು: ಕಾಡು ಗಜ್ಜರಿಯನ್ನೂ ಅದರ ಬಳಗವನ್ನೂ ಹೋಲಿಸಿ ಆರಿಸುವ ಬಗೆ

ಕೀಟಗಳಿಗೆ ಮೇವಾಗಲೆಂದು ತೋಟದ ಒಂದು ಬದಿಯನ್ನು ಹುಲ್ಲು ಹೂಗಳಿಗೆ ಬಿಟ್ಟುಕೊಡುವವರು, ಪಾಳುಬಿದ್ದ ನೆಲದಲ್ಲಿ ತಾನಾಗಿ ಹುಟ್ಟಿದ ಗಿಡಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಕೀಳಬೇಕು ಎಂದು ನಿರ್ಧರಿಸಬೇಕಾದವರು, ಕ್ಯಾರೆಟ್ಟನ್ನು ಬೀಜಕ್ಕಾಗಿ ಬೆಳೆಯುವವರು, ಇವರೆಲ್ಲರೂ ಒಂದಲ್ಲ ಒಂದು ದಿನ ಬಿಳಿ ಹೂವಿನ ಕೊಡೆಯೊಂದರ ಮುಂದೆ ನಿಂತು ಇದು ಯಾವುದು ಎಂದು ಯೋಚಿಸುತ್ತಾರೆ. ಉತ್ತರ ತಪ್ಪಿದರೆ ಆಗುವ ಹಾನಿ ಒಂದೇ ಬಗೆಯದಲ್ಲ. ಕಾಡು ಗಜ್ಜರಿ ಎಂದು ತಿಳಿದು ಉಳಿಸಿಕೊಂಡದ್ದು ಹೆಮ್ಲಾಕ್ ಆಗಿದ್ದರೆ ಜೀವಕ್ಕೇ ಅಪಾಯ. ನಿರುಪದ್ರವಿ ಎಂದು ಬಿತ್ತಿದ್ದು ನಿಜವಾಗಿಯೂ ಕಾಡು ಗಜ್ಜರಿಯೇ ಆಗಿದ್ದು, ಹತ್ತಿರದಲ್ಲಿ ಕ್ಯಾರೆಟ್ ಬೀಜದ ಹೊಲವಿದ್ದರೆ, ಕೆಡುವುದು ಬೇರೆಯವರ ಬೆಳೆ.

ಈ ಬಳಗದ ಗಿಡಗಳನ್ನು ಹಲವು ಋತುಗಳಲ್ಲಿ ಹತ್ತಿರದಿಂದ ನೋಡಿದ ಮೇಲೆ ನನಗೆ ಖಚಿತವಾದ ಸಂಗತಿಯೆಂದರೆ, ಇವುಗಳನ್ನು ಹೂವು ನೋಡಿ ಆರಿಸಬಾರದು. ಹತ್ತು ಹೆಜ್ಜೆ ದೂರದಿಂದ ಎಲ್ಲದರ ಹೂವೂ ಒಂದೇ. ಕೊಡೆಯನ್ನು ಮೆಲ್ಲಗೆ ಓರೆಮಾಡಿ ಅದರ ಅಡಿಯನ್ನು ನೋಡಬೇಕು, ಕಾಂಡವನ್ನು ಬುಡದಿಂದ ನೋಡಬೇಕು, ಸಾಧ್ಯವಿದ್ದರೆ ಕಾಯಿ ಕಟ್ಟುವವರೆಗೆ ಕಾಯಬೇಕು.

ಈ ಗಿಡಗಳೆಲ್ಲ ಏಪಿಯೇಸೀ ಎಂಬ ಕುಟುಂಬಕ್ಕೆ ಸೇರಿದವು. ಹಳೆಯ ಪುಸ್ತಕಗಳಲ್ಲಿ ಇದರ ಹೆಸರು ಅಂಬೆಲಿಫೆರೀ. ಸುಮಾರು 3,700 ಪ್ರಭೇದಗಳಿರುವ ಈ ದೊಡ್ಡ ಕುಟುಂಬದಲ್ಲಿ ಕೊತ್ತಂಬರಿ, ಜೀರಿಗೆ, ಓಮ, ಸಬ್ಬಸಿಗೆ, ಇಂಗಿನ ಗಿಡ ಎಲ್ಲವೂ ಇವೆ. ಕ್ರಿ.ಪೂ. 399ರಲ್ಲಿ ಅಥೆನ್ಸಿನಲ್ಲಿ ಸಾಕ್ರೆಟೀಸನಿಗೆ ಕುಡಿಸಿದ ವಿಷದ ಗಿಡವೂ ಇದರದೇ ಸದಸ್ಯ. ಕಾಂಡದ ತುದಿಯ ಒಂದೇ ಬಿಂದುವಿನಿಂದ ಕೊಡೆಯ ಕಡ್ಡಿಗಳಂತೆ ಹಲವು ತೊಟ್ಟುಗಳು ಹೊರಟು, ಪ್ರತಿ ತೊಟ್ಟಿನ ತುದಿಯಲ್ಲಿ ಇನ್ನೊಂದು ಪುಟ್ಟ ಕೊಡೆ ಬಿಚ್ಚಿಕೊಂಡು, ಅದರ ತುದಿಗಳಲ್ಲಿ ಐದು ಎಸಳಿನ ಪುಟಾಣಿ ಹೂಗಳು ಕೂರುತ್ತವೆ. ಪ್ರತಿ ಹೂವಿನಿಂದ ಹುಟ್ಟುವ ಕಾಯಿ ಒಣಗಿದಾಗ ಎರಡು ಹೋಳಾಗುತ್ತದೆ, ಒಂದೊಂದು ಹೋಳಿನಲ್ಲೂ ಒಂದೊಂದು ಬೀಜವಿರುತ್ತದೆ. ಇಷ್ಟು ಎಲ್ಲದರಲ್ಲೂ ಇರುವ ಲಕ್ಷಣ. ಕೊಡೆಯ ಕಡ್ಡಿಗಳು ಹೊರಡುವ ಜಾಗದಲ್ಲಿ ಸುತ್ತಲೂ ಇರುವ ಪುಟ್ಟ ಎಲೆಗಳು, ಅಂದರೆ ಪುಷ್ಪಪತ್ರಗಳು, ಹೇಗಿವೆ ಎಂಬುದರಿಂದ ವ್ಯತ್ಯಾಸ ಶುರುವಾಗುತ್ತದೆ.

ಅಳತೆಗೋಲಾಗಿ ಕಾಡು ಗಜ್ಜರಿ

ಹೋಲಿಕೆಗೆ ಒಂದು ಗಿಡವನ್ನಾದರೂ ಚೆನ್ನಾಗಿ ತಿಳಿದಿರಬೇಕು. ಆ ಗಿಡ ಕಾಡು ಗಜ್ಜರಿಯೇ ಆಗಿರಲಿ ಎಂಬುದು ನನ್ನ ಸಲಹೆ. ಲಿನೇಯಸ್ 1753ರಲ್ಲಿ ಡಾಕಸ್ ಕರೋಟಾ ಎಂದು ಹೆಸರಿಟ್ಟ ಈ ಗಿಡದ ತವರು ಯುರೋಪ್ ಮತ್ತು ನೈಋತ್ಯ ಏಷ್ಯಾ. ಉತ್ತರ ಅಮೆರಿಕ, ಆಸ್ಟ್ರೇಲಿಯಾಗಳಿಗೆ ಅದು ಆಮೇಲೆ ಹೋಗಿ ನೆಲೆಯೂರಿತು. ನಾವು ಬೆಳೆಯುವ ಕ್ಯಾರೆಟ್ ಇದೇ ಪ್ರಭೇದದ ಒಂದು ಉಪಪ್ರಭೇದ. ಸಾವಿರ ವರ್ಷಕ್ಕೂ ಹಿಂದೆ ಮಧ್ಯ ಏಷ್ಯಾದ ಸುತ್ತಮುತ್ತ ಪಳಗಿದ ಮೊದಲ ಕ್ಯಾರೆಟ್ಟುಗಳು ನೇರಳೆ ಮತ್ತು ಹಳದಿ ಬಣ್ಣದವು, ಕಿತ್ತಳೆ ಬಣ್ಣದ್ದು ಆಮೇಲೆ ಯುರೋಪಿನಲ್ಲಿ ಬಂದದ್ದು. ಕಾಡು ಗಜ್ಜರಿಯ ಬೇರಿಗೆ ಈ ಬಣ್ಣಗಳು ಯಾವುವೂ ಇಲ್ಲ. ಅದು ಬಿಳಿ, ಸಣಕಲು, ನಾರುನಾರು. ಮುರಿದು ಮೂಸಿದರೆ ಮಾತ್ರ ಕ್ಯಾರೆಟ್ಟಿನ ವಾಸನೆ ಸ್ಪಷ್ಟವಾಗಿ ಬರುತ್ತದೆ.

ಇದು ದ್ವೈವಾರ್ಷಿಕ ಗಿಡ. ಮೊದಲ ವರ್ಷ ನೆಲಕ್ಕೆ ಅಂಟಿದ ಎಲೆಗಳ ಚಕ್ರವಷ್ಟೇ ಇರುತ್ತದೆ, ಆಹಾರವೆಲ್ಲ ತಾಯಿಬೇರಿಗೆ ಇಳಿಯುತ್ತದೆ. ಚಳಿಗಾಲ ಕಳೆದ ಮೇಲೆ ಎರಡನೆಯ ವರ್ಷ ಕಾಂಡವೆದ್ದು ಹೂಬಿಟ್ಟು, ಬೀಜ ಕೊಟ್ಟು ಸಾಯುತ್ತದೆ. ಎರಡು ವರ್ಷ ಎಂಬುದನ್ನು ಕಟ್ಟುನಿಟ್ಟಾಗಿ ಹಿಡಿಯಬಾರದು. ಬಡ ಮಣ್ಣಿನಲ್ಲಿ ಎಲೆಗಳ ಚಕ್ರ ಸಾಕಷ್ಟು ದೊಡ್ಡದಾಗುವವರೆಗೆ ಗಿಡ ಕಾಯುತ್ತದೆ, ಮೂರನೆಯ ಅಥವಾ ನಾಲ್ಕನೆಯ ವರ್ಷ ಹೂಬಿಡುವುದೂ ಉಂಟು.

ಈಗ ಕೊಡೆಯ ಅಡಿಯನ್ನು ನೋಡೋಣ. ಕಾಡು ಗಜ್ಜರಿಯ ಪುಷ್ಪಪತ್ರಗಳು ಉದ್ದವಾಗಿ, ಮೂರಾಗಿ ಅಥವಾ ಗರಿಯಂತೆ ಹಲವಾಗಿ ಸೀಳಿಕೊಂಡು, ಹೂಗೊಂಚಲಿಗೆ ಹಸಿರು ಜಾಲರಿ ಕಟ್ಟಿದಂತೆ ಕೆಳಗೆ ಹರಡಿರುತ್ತವೆ. ಈ ಸೀಳು ಪುಷ್ಪಪತ್ರವೇ ಮೊದಲ ಗುರುತು. ಎರಡನೆಯದು ಕಾಂಡ: ಗೀರುಗೀರಾಗಿ, ಒರಟು ಕೂದಲಿನಿಂದ ಕೂಡಿ, ಬೆರಳಾಡಿಸಿದರೆ ಚುಚ್ಚುವಂತಿರುತ್ತದೆ. ಹಲವು ಕೊಡೆಗಳ ನಟ್ಟನಡುವೆ ಕಡುಕೆಂಪು, ಬಹುತೇಕ ಕಪ್ಪೆನ್ನಬಹುದಾದ ಒಂದೇ ಒಂದು ಹೂವಿರುತ್ತದೆ, ಬಿಳಿ ಬಟ್ಟೆಯ ಮೇಲೆ ಪುಟ್ಟ ಕೀಟವೊಂದು ಕೂತಂತೆ. ಡಾರ್ವಿನ್ ಅದನ್ನು ಪ್ರಯೋಜನವಿಲ್ಲದ ಉಳಿಕೆಯೆಂದೇ ಎಣಿಸಿದ್ದ. ಆ ಮೇಲಿನ ಕೆಲವು ಪ್ರಯೋಗಗಳು ಅದು ಕೀಟಗಳನ್ನು ಸೆಳೆಯುತ್ತದೆ ಎಂದವು, ಕೆಲವು ಅದನ್ನು ಕಿತ್ತುಹಾಕಿದರೂ ವ್ಯತ್ಯಾಸವಿಲ್ಲ ಎಂದವು. ಗುರುತು ಹಿಡಿಯುವವರಿಗೆ ಮುಖ್ಯವಾದದ್ದು ಬೇರೆ: ಆ ಕಪ್ಪು ಹೂವು ಇದ್ದರೆ ಬಲವಾದ ಸಾಕ್ಷಿ, ಇಲ್ಲದಿದ್ದರೆ ಏನನ್ನೂ ಹೇಳುವುದಿಲ್ಲ, ಏಕೆಂದರೆ ಅದಿಲ್ಲದ ಕಾಡು ಗಜ್ಜರಿಗಳೂ ಧಾರಾಳವಾಗಿವೆ.

ಹೂವು ಮುಗಿದ ಮೇಲೆ ಹೊರಗಿನ ಕಡ್ಡಿಗಳು ಒಳಕ್ಕೆ ಬಾಗಿ, ಇಡೀ ಕೊಡೆ ಹಕ್ಕಿಗೂಡಿನಂತೆ ಮುಚ್ಚಿಕೊಳ್ಳುತ್ತದೆ. ಒಣಗಿದ ಅಂಥ ಗೂಡೊಂದನ್ನು ನಾನು ಮೇಜಿನ ಮೇಲಿಟ್ಟುಕೊಂಡು ನೋಡಿದ್ದೇನೆ. ಒದ್ದೆ ಬಟ್ಟೆ ಹೊದಿಸಿಟ್ಟರೆ ಕಡ್ಡಿಗಳು ಇನ್ನಷ್ಟು ಬಿಗಿಯಾಗಿ ಒಳಗೆ ಸರಿಯುತ್ತವೆ, ಬಟ್ಟೆ ತೆಗೆದು ಬಿಸಿಲಿಗಿಟ್ಟರೆ ಒಂದೊಂದಾಗಿ ಹೊರಕ್ಕೆ ಬಿಚ್ಚಿಕೊಳ್ಳುತ್ತವೆ. ಸತ್ತ ಕಡ್ಡಿಗಳ ಈ ಚಲನೆ ತೇವ ಹೀರಿದ ನಾರುಗಳ ಉಬ್ಬು ಕುಗ್ಗಿನಿಂದ ಆಗುವಂಥದ್ದು. ಅದರಿಂದಾಗಿ ಬೀಜಗಳು ಒಣ ಹವೆಯಲ್ಲಿ, ಗಾಳಿ ಬೀಸುವ ದಿನಗಳಲ್ಲಿ, ಸ್ವಲ್ಪ ಸ್ವಲ್ಪವಾಗಿ ಉದುರುತ್ತವೆ. ಗೂಡಿನೊಳಗಿನ ಕಾಯಿಯನ್ನು ಅಂಗೈ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿದರೆ, ಎರಡರಿಂದ ನಾಲ್ಕು ಮಿಲಿಮೀಟರ್ ಉದ್ದದ ಪ್ರತಿ ಹೋಳಿನ ಬೆನ್ನ ಮೇಲೆ ನಾಲ್ಕು ಸಾಲು ಮುಳ್ಳುಗಳು ಬಾಚಣಿಗೆಯ ಹಲ್ಲಿನಂತೆ ನಿಂತಿರುತ್ತವೆ. ಪ್ರಾಣಿಗಳ ತುಪ್ಪುಳಕ್ಕೂ ಬಟ್ಟೆಗೂ ಅಂಟುವುದು ಅವುಗಳಿಂದಲೇ.

ಹೆಮ್ಲಾಕ್: ಮೊದಲು ತಳ್ಳಿಹಾಕಬೇಕಾದದ್ದು

ಯಾವ ಆಯ್ಕೆಗೂ ಮುನ್ನ ಆಗಬೇಕಾದ ಕೆಲಸವೆಂದರೆ ಎದುರಿಗಿರುವುದು ಕೋನಿಯಮ್ ಮ್ಯಾಕ್ಯುಲೇಟಮ್, ಅಂದರೆ ವಿಷದ ಹೆಮ್ಲಾಕ್, ಅಲ್ಲವೆಂದು ಖಚಿತಪಡಿಸಿಕೊಳ್ಳುವುದು. ಅದರ ಕಾಂಡ ಪೂರ್ತಿ ನುಣುಪು, ಒಳಗೆ ಟೊಳ್ಳು, ಮೇಲೆ ನೇರಳೆ ಬಣ್ಣದ ಮಚ್ಚೆಗಳು. ಎತ್ತರ ಎರಡು ಮೀಟರ್ ದಾಟುವುದು ಸಾಮಾನ್ಯ. ಕಾಡು ಗಜ್ಜರಿ ಬಹುಮಟ್ಟಿಗೆ ಒಂದು ಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಹೆಮ್ಲಾಕಿನ ಕೊಡೆಯ ಅಡಿಯಲ್ಲಿ ಪುಷ್ಪಪತ್ರಗಳಿದ್ದರೂ ಅವು ಚಿಕ್ಕವು, ಸೀಳಿಲ್ಲದವು, ಕೆಳಕ್ಕೆ ಮಡಚಿಕೊಂಡವು. ಕಾಯಿಗೆ ಮುಳ್ಳಿಲ್ಲ, ಅಲೆಅಲೆಯಾದ ಏಣುಗಳಿವೆ. ಎಲೆ ಜಜ್ಜಿದರೆ ಇಲಿಯ ವಾಸನೆ ಬರುತ್ತದೆ ಎನ್ನುತ್ತಾರೆ. ಅದು ನಿಜವೇ, ಆದರೆ ವಿಷದ ಗಿಡವನ್ನು ಜಜ್ಜಿ ಮೂಸುವ ಪರೀಕ್ಷೆಯನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಇದರ ವಿಷ ಕೋನೀನ್ ಮತ್ತು ಅದರ ಸಂಬಂಧಿ ಆಲ್ಕಲಾಯ್ಡುಗಳು. ನರಗಳಿಂದ ಸ್ನಾಯುಗಳಿಗೆ ಹೋಗುವ ಸಂದೇಶವನ್ನು ಅವು ತಡೆಯುತ್ತವೆ. ಉಸಿರಾಟದ ಸ್ನಾಯುಗಳು ನಿಂತಾಗ ಸಾವು ಬರುತ್ತದೆ, ಆವರೆಗೂ ಪ್ರಜ್ಞೆ ಉಳಿದಿರಬಹುದು. ಗಿಡದ ಎಲ್ಲ ಭಾಗಗಳೂ ವಿಷವೇ. ಅತ್ಯಂತ ಅಪಾಯದ ಹಂತ ಮೊದಲ ವರ್ಷದ್ದು, ಏಕೆಂದರೆ ಆಗ ಹೂವಿಲ್ಲ, ಪುಷ್ಪಪತ್ರವಿಲ್ಲ, ಕಾಯಿಯಿಲ್ಲ, ಮಚ್ಚೆಗಳೂ ಸರಿಯಾಗಿ ಮೂಡಿರುವುದಿಲ್ಲ. ನೆಲಕ್ಕಂಟಿದ ಎಲೆಗಳ ಚಕ್ರ ಕ್ಯಾರೆಟ್ಟಿನದ್ದನ್ನೇ ಹೋಲುತ್ತದೆ. ಆಗ ಉಳಿಯುವ ಒಂದೇ ಸುಳಿವು ಎಲೆಯ ತೊಟ್ಟಿನ ಕೂದಲು. ಕಾಡು ಗಜ್ಜರಿಯಲ್ಲಿ ಅದೂ ಕೆಲವೊಮ್ಮೆ ವಿರಳ. ಆದ್ದರಿಂದ ಕಾಡು ಗಜ್ಜರಿಯ ಬೇರನ್ನು ಅಗೆದು ತಿನ್ನುವ ಯೋಚನೆಯನ್ನು ಪೂರ್ತಿ ಬಿಡಬೇಕೆಂಬುದು ನನ್ನ ದೃಢ ಅಭಿಪ್ರಾಯ. ನಾರಿನಂಥ ಆ ಬೇರಿನಿಂದ ಸಿಗುವುದು ಅಷ್ಟಕ್ಕಷ್ಟೆ, ತಪ್ಪಿದರೆ ತೆರಬೇಕಾದದ್ದು ಪ್ರಾಣ.

ನೀರಿನ ಅಂಚಿನ ಗಿಡಗಳಿಗೆ ಇನ್ನೂ ಸರಳವಾದ ನಿಯಮವಿದೆ. ಕಾಡು ಗಜ್ಜರಿ ನೀರು ಬಸಿದುಹೋಗುವ ಒಣ ನೆಲದ ಗಿಡ, ಸುಣ್ಣದ ಅಂಶವಿರುವ ಮಣ್ಣನ್ನು ಇಷ್ಟಪಡುವಂಥದ್ದು. ಜವುಗಿನಲ್ಲಿ, ಹಳ್ಳದ ಅಂಚಿನಲ್ಲಿ, ನಿಂತ ನೀರಿನಲ್ಲಿ ಬೆಳೆದ ಬಿಳಿ ಕೊಡೆಯನ್ನು ಕಂಡರೆ ಅದು ಸಿಕ್ಯೂಟಾ ಅಥವಾ ಈನಾಂತೆ ಕುಲದ ಗಿಡವಿರಬಹುದೆಂದು ಭಾವಿಸಿ ದೂರವಿರಬೇಕು. ಸಿಕ್ಯೂಟಾದ ಬೇರಿನ ಮೇಲ್ಭಾಗವನ್ನು ಉದ್ದಕ್ಕೆ ಸೀಳಿದರೆ ಕೋಣೆಕೋಣೆಯಾಗಿ ಕಾಣುತ್ತದೆ, ಅದರಿಂದ ಒಸರುವ ಹಳದಿ ದ್ರವದಲ್ಲಿರುವ ಸಿಕ್ಯೂಟಾಕ್ಸಿನ್ ತೀವ್ರವಾದ ಸೆಳವುಗಳನ್ನು ಉಂಟುಮಾಡುತ್ತದೆ.

ಅತಿ ಹತ್ತಿರದ ಸ್ಪರ್ಧಿಗಳು

ತೋಟದವರು ನಿಜವಾಗಿ ಆರಿಸಬೇಕಾಗುವುದು ಕಾಡು ಗಜ್ಜರಿ ಮತ್ತು ಆಮ್ಮಿ ಮೇಜಸ್ ನಡುವೆ. ಗೊಂದಲ ಹೆಚ್ಚಿರುವುದೂ ಇಲ್ಲಿಯೇ, ಏಕೆಂದರೆ ಆಮ್ಮಿಯ ಪುಷ್ಪಪತ್ರಗಳೂ ಸೀಳಿರುತ್ತವೆ. ಮೊದಲ ಗುರುತು ಇಲ್ಲಿ ಕೈಕೊಡುತ್ತದೆ. ಆದರೆ ಆಮ್ಮಿಯ ಕಾಂಡ ನುಣುಪು, ಕಾಯಿಯೂ ನುಣುಪು. ಬುಡದ ಎಲೆಗಳ ಹೋಳುಗಳು ಅಗಲವಾಗಿ ಗರಗಸದಂಚಿನವಾಗಿದ್ದು, ಮೇಲಿನವು ಮಾತ್ರ ಸಪೂರವಾಗಿರುತ್ತವೆ. ಇದು ಏಕವಾರ್ಷಿಕ. ಬಿತ್ತಿದ ವರ್ಷವೇ ಹೂಬಿಡುತ್ತದೆ, ಕೊಡೆ ಹಗುರವಾಗಿ, ಅಚ್ಚ ಬಿಳಿಯಾಗಿ ಕಾಣುತ್ತದೆ. ಹೂ ಬೇಗ ಬೇಕೆನ್ನುವವರಿಗೆ, ಒಂದೇ ಋತುವಿಗೆ ಜಾಗ ಬಿಟ್ಟುಕೊಡುವವರಿಗೆ ಆಮ್ಮಿ ಒಳ್ಳೆಯ ಆಯ್ಕೆ. ಅದರ ದೋಷವೂ ಸಣ್ಣದಲ್ಲ. ಅದರಲ್ಲಿ ಫ್ಯೂರಾನೊಕೂಮರಿನ್ ಎಂಬ ರಾಸಾಯನಿಕಗಳು ಹೇರಳವಾಗಿವೆ. ರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತೆ ಕೆಂಪಾಗಿ ಗುಳ್ಳೆಯೇಳುತ್ತದೆ. ಬೀಜ ತಿಂದ ಬಾತುಕೋಳಿಗಳಿಗೂ ಬಿಸಿಲಿನಿಂದ ಹುಣ್ಣಾಗುವುದು ತಿಳಿದಿರುವ ವಿಷಯ. ಇದೇ ಗುಣದಿಂದ ತೊನ್ನಿನ ಚಿಕಿತ್ಸೆಗೆ ಬಳಸುವ ಕ್ಸ್ಯಾಂಥೊಟಾಕ್ಸಿನ್ ದೊರಕಿತು. 1940ರ ದಶಕದಲ್ಲಿ ಈಜಿಪ್ಟಿನಲ್ಲಿ ಅದನ್ನು ವೈದ್ಯಕೀಯವಾಗಿ ಪರೀಕ್ಷಿಸಲಾಯಿತು. ಕಾಡು ಗಜ್ಜರಿಯ ಎಲೆಯಿಂದಲೂ ಕೆಲವರ ಚರ್ಮ ಕೆರಳುವುದುಂಟು, ಆದರೆ ಬಹಳ ಕಡಿಮೆ. ಮಕ್ಕಳು ಓಡಾಡುವ ಜಾಗಕ್ಕೆ, ಕೋಳಿ ಬಾತುಗಳನ್ನು ಬಿಡುವ ಜಾಗಕ್ಕೆ ಆಮ್ಮಿ ಬೇಡ.

ಆಮ್ಮಿಯ ಹತ್ತಿರದ ನೆಂಟನೆಂದು ಬಹುಕಾಲ ಎಣಿಸಿದ್ದ ವಿಸ್ನಾಗಾ ಡಾಕಾಯ್ಡಿಸ್ ಹೆಸರಿನಲ್ಲೇ ಗಜ್ಜರಿಯ ಹೋಲಿಕೆಯನ್ನು ಹೊತ್ತಿದೆ. ಇದರ ಕೊಡೆಯೂ ಕಾಯಿಗಟ್ಟಿದಾಗ ಮುಚ್ಚಿಕೊಳ್ಳುತ್ತದೆ, ಪುಷ್ಪಪತ್ರವೂ ಸೀಳಿದೆ. ಹಕ್ಕಿಗೂಡನ್ನು ಕಂಡೊಡನೆ ಕಾಡು ಗಜ್ಜರಿ ಎಂದು ತೀರ್ಮಾನಿಸುವವರು ಮೋಸಹೋಗುವುದು ಇದರಿಂದ. ಬೇರ್ಪಡಿಸುವ ದಾರಿ ಎರಡು: ಕಾಯಿಗೆ ಮುಳ್ಳಿಲ್ಲ, ಕಡ್ಡಿಗಳು ಬಲಿತಂತೆ ದಪ್ಪವಾಗಿ ಕಟ್ಟಿಗೆಯಂತೆ ಗಡುಸಾಗುತ್ತವೆ, ಎಷ್ಟೆಂದರೆ ಅವನ್ನು ಹಲ್ಲುಕಡ್ಡಿಯಾಗಿ ಬಳಸುವುದುಂಟು. ತೋಟದ ಗಿಡವಾಗಿ ಇದು ಆಮ್ಮಿಗಿಂತ ಗಟ್ಟಿ, ದಟ್ಟ ಎಲೆಯದು, ಹೆಚ್ಚು ಕಾಲ ನಿಲ್ಲುವಂಥದ್ದು.

ಉಳಿದವುಗಳ ವಿಷಯ ಬೇಗ ಮುಗಿಸಬಹುದು. ಆಂಥ್ರಿಸ್ಕಸ್ ಸಿಲ್ವೆಸ್ಟ್ರಿಸ್ ವಸಂತದಲ್ಲೇ ಹೂಬಿಡುತ್ತದೆ, ಕಾಡು ಗಜ್ಜರಿ ಹೂಬಿಡುವ ಹೊತ್ತಿಗೆ ಅದರ ನುಣುಪಾದ ಕರಿಯ ಕಾಯಿಗಳು ಬಲಿತಿರುತ್ತವೆ, ಕೊಡೆಯ ಅಡಿಯಲ್ಲಿ ಪುಷ್ಪಪತ್ರವೇ ಇರುವುದಿಲ್ಲ. ಸಾರಜನಕ ಹೆಚ್ಚಿರುವ ಮಣ್ಣಿನಲ್ಲಿ ಅದು ಇತರ ಗಿಡಗಳನ್ನು ಅದುಮಿಬಿಡುವುದರಿಂದ ಬೇಕೆಂದು ಬಿತ್ತುವಂಥದ್ದಲ್ಲ. ಟೊರಿಲಿಸ್ ಜಪಾನಿಕಾದ ಕಾಯಿಯೂ ಮುಳ್ಳಿನದ್ದೇ, ಕಾಂಡವೂ ಒರಟೇ. ಆದರೆ ಅದರ ಕೂದಲು ಕಾಂಡಕ್ಕೆ ಒತ್ತಿಕೊಂಡು ಕೆಳಮುಖವಾಗಿರುತ್ತದೆ, ಪುಷ್ಪಪತ್ರಗಳು ಸೀಳದೆ ದಾರದಂತಿರುತ್ತವೆ, ಕೊಡೆಗೆ ಹತ್ತು ಹನ್ನೆರಡಕ್ಕಿಂತ ಹೆಚ್ಚು ಕಡ್ಡಿಗಳಿರುವುದಿಲ್ಲ. ಹೂವು ಹಳದಿಯಾಗಿದ್ದರೆ ಅದು ಕಾಡು ಪಾರ್ಸ್ನಿಪ್ ಇರಬಹುದು. ಗಿಡ ಮನುಷ್ಯರ ತಲೆಯನ್ನೂ ಮೀರಿ ಮೂರು ನಾಲ್ಕು ಮೀಟರ್ ಬೆಳೆದಿದ್ದರೆ ದೈತ್ಯ ಹಾಗ್‌ವೀಡ್ ಇರಬಹುದು. ಎರಡರ ರಸವೂ ಬಿಸಿಲಿನೊಡನೆ ಸೇರಿ ಚರ್ಮವನ್ನು ಸುಡುತ್ತದೆ, ಎರಡನೆಯದಂತೂ ಭೀಕರವಾಗಿ.

ಕೀಟಗಳ ಕಡೆಯಿಂದ ನೋಡಿದರೆ

ಈ ಕುಟುಂಬದ ಹೂವುಗಳಲ್ಲಿ ಮಕರಂದ ಬಟ್ಟಲಿನಲ್ಲಿಟ್ಟಂತೆ ತೆರೆದಿರುತ್ತದೆ. ಉದ್ದ ನಾಲಗೆಯಿಲ್ಲದ ನೊಣ, ಜೀರುಂಡೆ, ಕಣಜಗಳಿಗೂ ಅದು ಎಟಕುತ್ತದೆ. ಅಮೆರಿಕದ ಯೂಟಾದಲ್ಲಿ ಬೀಜಕ್ಕಾಗಿ ಬೆಳೆದ ಕ್ಯಾರೆಟ್ ಹೊಲಗಳನ್ನು ಗಮನಿಸಿ 1960ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೂವಿಗೆ ಬಂದ ಕೀಟಗಳಲ್ಲಿ 300ಕ್ಕೂ ಹೆಚ್ಚು ಪ್ರಭೇದಗಳನ್ನು ಪಟ್ಟಿಮಾಡಿತು. ಇಷ್ಟೊಂದು ಅತಿಥಿಗಳನ್ನು ಕರೆಯುವುದರಲ್ಲಿ ಕಾಡು ಗಜ್ಜರಿ, ಆಮ್ಮಿ, ವಿಸ್ನಾಗಾಗಳ ನಡುವೆ ದೊಡ್ಡ ಅಂತರವೇನಿಲ್ಲ. ಎಲೆ ತಿನ್ನುವ ಹುಳುಗಳ ವಿಷಯದಲ್ಲಿ ಅಂತರವಿದೆ. ಯುರೋಪ್ ಮತ್ತು ಏಷ್ಯಾದ ಪ್ಯಾಪಿಲಿಯೊ ಮಕಾವನ್, ಉತ್ತರ ಅಮೆರಿಕದ ಪ್ಯಾಪಿಲಿಯೊ ಪಾಲಿಕ್ಸೆನಿಸ್ ಎಂಬ ಬಾಲದ ಚಿಟ್ಟೆಗಳ ಮರಿಹುಳುಗಳು ಈ ಕುಟುಂಬದ ಎಲೆಗಳನ್ನು ತಿಂದೇ ಬೆಳೆಯುತ್ತವೆ. ಬಹುತೇಕ ಕೀಟಗಳಿಗೆ ವಿಷವಾದ ಫ್ಯೂರಾನೊಕೂಮರಿನ್ನುಗಳನ್ನು ಮುರಿಯುವ ಕಿಣ್ವಗಳು ಅವುಗಳ ಕರುಳಿನಲ್ಲಿವೆ. ಬೇಸಗೆಯಲ್ಲಿ ಹೂಬಿಟ್ಟು ಒಣಗಿಹೋಗುವ ಏಕವಾರ್ಷಿಕಗಳಿಗಿಂತ, ವರ್ಷವಿಡೀ ಎಲೆಚಕ್ರವನ್ನು ಉಳಿಸಿಕೊಳ್ಳುವ ಕಾಡು ಗಜ್ಜರಿ ಇವುಗಳಿಗೆ ಹೆಚ್ಚು ನಂಬಿಕೆಯ ಮೇವು. ಚಿಟ್ಟೆಗಳೇ ಗುರಿಯಾಗಿದ್ದರೆ ನನ್ನ ಮತ ಅದಕ್ಕೆ.

ಕಾಡು ಗಜ್ಜರಿ ಬೇಡವಾಗುವ ಜಾಗಗಳು

ಕಾಡು ಗಜ್ಜರಿಗೂ ಬೆಳೆಯುವ ಕ್ಯಾರೆಟ್ಟಿಗೂ ಒಂದೇ ಲೆಕ್ಕದ, ಅಂದರೆ 18, ವರ್ಣತಂತುಗಳಿವೆ. ಎರಡೂ ಯಾವ ಅಡ್ಡಿಯಿಲ್ಲದೆ ಬೆರೆಯುತ್ತವೆ. ಪ್ರತಿ ಹೂವಿನಲ್ಲೂ ಕೇಸರಗಳು ಮೊದಲು ಬಲಿತು, ಶಲಾಕಾಗ್ರಗಳು ಆಮೇಲೆ ಸಿದ್ಧವಾಗುವುದರಿಂದ ಪರಕೀಯ ಪರಾಗಕ್ಕೆ ಬಾಗಿಲು ತೆರೆದೇ ಇರುತ್ತದೆ, ಕೀಟಗಳು ಅದನ್ನು ದೂರದೂರಕ್ಕೆ ಹೊರುತ್ತವೆ. ಬೇರಿನ ಬಿಳಿ ಬಣ್ಣ ಕಿತ್ತಳೆಯ ಮೇಲೆ ಪ್ರಬಲವಾದ ಗುಣವಾದ್ದರಿಂದ, ಬೆರಕೆಯಾದ ಬೀಜ ಬಿತ್ತಿದವರಿಗೆ ಮರುಬೆಳೆಯಲ್ಲಿ ಬಿಳಿಯ, ಕವಲೊಡೆದ, ಮೊದಲ ವರ್ಷವೇ ಕಾಂಡವೇಳುವ ಗಿಡಗಳು ಸಿಗುತ್ತವೆ. ಬೀಜದ ಬೆಳೆಗಾರರು ಸುತ್ತ ಹಲವು ಕಿಲೋಮೀಟರ್ ಅಂತರದಲ್ಲಿ ಕಾಡು ಗಜ್ಜರಿ ಇಲ್ಲದಂತೆ ನೋಡಿಕೊಳ್ಳುವುದಕ್ಕೂ, ಅಮೆರಿಕದ ವಾಷಿಂಗ್ಟನ್ ರಾಜ್ಯ ಅದನ್ನು ಕಳೆಗಳ ಅಧಿಕೃತ ಪಟ್ಟಿಗೆ ಸೇರಿಸಿರುವುದಕ್ಕೂ ಇದೇ ಕಾರಣ. ಮನೆಗೆ ಬೇಕಾದಷ್ಟು ಕ್ಯಾರೆಟ್ ಬೀಜವನ್ನು ತಾವೇ ಉಳಿಸಿಕೊಳ್ಳುವವರಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಅಂಥ ಕಡೆ ಆಮ್ಮಿ ಅಥವಾ ವಿಸ್ನಾಗಾ ಬಿತ್ತುವುದೇ ಸರಿ. ಬೇರೆ ಕುಲದ ಆ ಗಿಡಗಳ ಪರಾಗ ಕ್ಯಾರೆಟ್ಟನ್ನು ಕೆಡಿಸುವುದಿಲ್ಲ.

ತವರಲ್ಲದ ಖಂಡಗಳಲ್ಲಿ ಪ್ರಶ್ನೆ ಇನ್ನೊಂದು ರೂಪ ಪಡೆಯುತ್ತದೆ. ಉತ್ತರ ಅಮೆರಿಕದಲ್ಲಿ ಕಾಡು ಗಜ್ಜರಿ ರಸ್ತೆ ಬದಿಗಳನ್ನೂ ಪಾಳುಹೊಲಗಳನ್ನೂ ತುಂಬಿದೆ. ಕೆನಡಾದ ಆಂಟೇರಿಯೊದಲ್ಲಿ 2,4-ಡಿ ಕಳೆನಾಶಕಕ್ಕೆ ಬಗ್ಗದ ಕಾಡು ಗಜ್ಜರಿ 1957ರಷ್ಟು ಹಿಂದೆಯೇ ವರದಿಯಾಗಿತ್ತು. ಕಳೆನಾಶಕವನ್ನು ಗಿಡವೊಂದು ತಾಳಿಕೊಂಡ ಅತಿ ಹಳೆಯ ಉದಾಹರಣೆಗಳಲ್ಲಿ ಅದೂ ಒಂದು. ಆ ನೆಲಕ್ಕೆ ಅಲ್ಲಿಯದೇ ಗಜ್ಜರಿಯಾದ ಡಾಕಸ್ ಪುಸಿಲ್ಲಸ್ ಇದೆ. ಅದು ಚಿಕ್ಕ ಏಕವಾರ್ಷಿಕ, ಕೊಡೆ ಕಿರಿದು, ಪುಷ್ಪಪತ್ರಗಳು ಕೊಡೆಯಷ್ಟೇ ಉದ್ದ. ನೋಟಕ್ಕೆ ಸಾಧಾರಣವಾದರೂ ಅಲ್ಲಿಗೆ ಸೇರಿದ್ದು ಅದು. ಆಸ್ಟ್ರೇಲಿಯಾಕ್ಕೂ ಅದರದೇ ಡಾಕಸ್ ಗ್ಲೋಕಿಡಿಯೇಟಸ್ ಇದೆ. ಪಶ್ಚಿಮ ಯುರೋಪಿನ ಕಡಲಂಚಿನಲ್ಲಿರುವವರು ಮಾತ್ರ ಕಡಲ ಗಜ್ಜರಿಯನ್ನು ನೆನೆಯಬಹುದು. ಕಾಡು ಗಜ್ಜರಿಯದೇ ಉಪಪ್ರಭೇದವಾದ ಅದು ಉಪ್ಪುಗಾಳಿಗೆ ಒಗ್ಗಿದ, ದಪ್ಪ ಹೊಳೆವ ಎಲೆಗಳ ಗಿಡ್ಡ ಗಿಡ. ಕಾಯಿಗಟ್ಟಿದ ಮೇಲೂ ಅದರ ಕೊಡೆ ಗೂಡಾಗಿ ಮುಚ್ಚಿಕೊಳ್ಳದೆ ಉಬ್ಬಿಯೇ ಉಳಿಯುತ್ತದೆ.

ಬಿತ್ತುವ ಮೊದಲು

ಕಾಡು ಗಜ್ಜರಿಯನ್ನೇ ಆರಿಸಿದರೆ ಹುಲ್ಲು ಮುಚ್ಚಿದ ನೆಲದ ಮೇಲೆ ಬೀಜ ಚೆಲ್ಲಿ ಪ್ರಯೋಜನವಿಲ್ಲ. ಪಾಳುಹೊಲದಲ್ಲಿ ಮೊದಲ ವರ್ಷಗಳಲ್ಲಿ ಹೇರಳವಾಗಿದ್ದು, ದಟ್ಟ ಹುಲ್ಲು, ಪೊದೆಗಳು ಬೆಳೆದಂತೆ ಹಿಂಜರಿಯುವ ಗಿಡವಿದು. ಅದಕ್ಕೆ ಬೇಕಾದದ್ದು ಕೆದಕಿದ, ಬಡವಾದ, ಬಿಸಿಲು ಬೀಳುವ ಮಣ್ಣು. ಬೀಜದ ಮೇಲೆ ತೆಳುವಾಗಿ ಮಣ್ಣೆಳೆದರೆ ಸಾಕು. ಒಂದೇ ವರ್ಷ ಬಿತ್ತಿದರೆ ಹೆಚ್ಚಿನ ಗಿಡಗಳು ಒಟ್ಟಿಗೆ ಹೂಬಿಟ್ಟು ಒಟ್ಟಿಗೆ ಸಾಯುವುದರಿಂದ, ಸತತ ಎರಡು ವರ್ಷ ಬಿತ್ತಿದರೆ ಪ್ರತಿ ಬೇಸಗೆಯಲ್ಲೂ ಹೂವಿರುತ್ತದೆ. ಹರಡುವುದು ಬೇಡವೆನ್ನುವವರು ಕೊಡೆ ಗೂಡಾಗುವ ಮೊದಲೇ ಕತ್ತರಿಸಬೇಕು. ತೀರ ಬೇಗ, ಮೊಗ್ಗಿನಲ್ಲೇ ಕತ್ತರಿಸಿದರೆ ಗಿಡ ಬುಡದಿಂದ ಚಿಗುರಿ ಗಿಡ್ಡ ಕಾಂಡದಲ್ಲಿ ಮತ್ತೆ ಹೂಬಿಡುತ್ತದೆ.

ಕೊಂಡು ತಂದ ಬೀಜದಲ್ಲಿ ಮುಳ್ಳಿದೆಯೇ ಎಂದು ನೋಡಿ ನಿರ್ಧರಿಸುವುದು ಸಾಲದು, ಏಕೆಂದರೆ ಮಾರಾಟಕ್ಕೆ ಶುಚಿಮಾಡುವಾಗ ಮುಳ್ಳುಗಳನ್ನು ಉಜ್ಜಿ ತೆಗೆದಿರುತ್ತಾರೆ, ಆಗ ಗಜ್ಜರಿಯ ಬೀಜವೂ ನುಣುಪಾಗಿಯೇ ಕಾಣುತ್ತದೆ. ಬಿತ್ತಿದ ಜಾಗಕ್ಕೆ ಗುರುತಿನ ಕಡ್ಡಿ ನೆಟ್ಟು, ಎರಡನೆಯ ವರ್ಷ ಮೊದಲ ಕೊಡೆ ಬಿಚ್ಚಿದ ದಿನ ಅದರ ಅಡಿಯ ಪುಷ್ಪಪತ್ರವನ್ನೂ ಕಾಂಡದ ಕೂದಲನ್ನೂ ಪರೀಕ್ಷಿಸಬೇಕು. ಕೂದಲಿಲ್ಲದ, ಮಚ್ಚೆಯಿರುವ ಕಾಂಡವೊಂದು ನಡುವೆ ಎದ್ದಿದ್ದರೆ, ಕೈಗವಸು ತೊಟ್ಟು, ಕಾಯಿಗಟ್ಟುವ ಮೊದಲೇ, ಬೇರುಸಹಿತ ಅಗೆದು ತೆಗೆಯಬೇಕು.